ಸಿಡಿಲ ಹಂಡೆಯ ಇನ್ನೊಂದು ಹಿಡಿಕೆ

ನಮ್ಮೂರಲ್ಲಿ ರೊಟ್ಟಿ ಬಡಿಯುವಂತಿಲ್ಲ. ಹಿಟ್ಟಿನ ಉಂಡೆಯನ್ನು ಎರಡು ಮಣೆಗಳ ನಡುವೆ ಇಟ್ಟು, ಮೇಲೆ ಕೂತು, ಮೆಲ್ಲಗೆ ಒತ್ತಿ ಅಗಲ ಮಾಡಬೇಕು. ಹೊರಗಿನಿಂದ ಸೊಸೆಯಾಗಿ ಬಂದವರಿಗೆ ಮೊದಲ ವರ್ಷ ಇದೇ ದೊಡ್ಡ ಸಂಕಟ. ನಾನೂ ಹೊರಗಿನವಳೇ. ಹಿಟ್ಟು ಕಂಡ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ತಾನು ಮೇಲೇಳುತ್ತಿತ್ತು, ನಮ್ಮತ್ತೆ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದುಬಿಡುತ್ತಿದ್ದರು. ಊರಲ್ಲಿ ಕೋಳಿ ಸಾಕಬಹುದು, ಹುಂಜ ಸಾಕುವಂತಿಲ್ಲ. ಸೀನು ಬಂದರೆ ದಿಂಬಿಗೆ ಮುಖ ಒತ್ತಬೇಕು. ಮದುವೆಗೆ ವಾದ್ಯವಿಲ್ಲ. ತಾಳಿ ಕಟ್ಟುವಾಗ ಎಲ್ಲರೂ ಎರಡೂ ಕೈ ಎತ್ತಿ ಬೆರಳು ಆಡಿಸುತ್ತೇವೆ, ಅದೇ ನಮ್ಮ ಗಟ್ಟಿಮೇಳ. ಮಕ್ಕಳು ನಡೆಯುವುದಕ್ಕಿಂತ ಮೊದಲೇ ತುಟಿ ಮಾತ್ರ ನಡುಗಿಸಿ ಸದ್ದಿಲ್ಲದೆ ಅಳುವುದನ್ನು ಕಲಿಯುತ್ತವೆ. ಹೊರಗಿನ ನೆಂಟರು ಬಂದರೆ ನಮ್ಮನ್ನು ಕಂಡು ಅಯ್ಯೋ ಪಾಪ ಅನ್ನುತ್ತಾರೆ. ನಮಗೆ ಅವರನ್ನು ಕಂಡರೆ ಗದ್ದಲದವರು ಅನ್ನಿಸುತ್ತದೆ. ಒಗ್ಗಿಹೋದರೆ ಎಲ್ಲವೂ ಸರಿಯೇ.

ಇದೆಲ್ಲ ಹಂಡೆಗಳ ಸಲುವಾಗಿ. ನಮ್ಮೂರಿನ ಹೆಚ್ಚುಕಡಿಮೆ ಪ್ರತಿ ಮನೆಯ ಒಳಕೋಣೆಯಲ್ಲೂ ಮುಚ್ಚಳ ಬಿಗಿದ ಒಂದು ತಾಮ್ರದ ಹಂಡೆ ಇದೆ, ಒಳಗೆ ಸಿಡಿಲು ಇದೆ. ಹಿರಿಯರು ಯಾವ ಕಾಲದಲ್ಲೋ ಹಿಡಿದು ತುಂಬಿಟ್ಟದ್ದು. ಆವತ್ತಿನಿಂದ ನಮ್ಮ ಮೇಲೆ ಮಳೆ ಬರುತ್ತದೆ, ಗುಡುಗು ಬರುವುದಿಲ್ಲ. ಊರ ನಡುವೆ ಹೊಳೆ. ಹೊಳೆಯ ಆಚೆ ದಂಡೆಯಲ್ಲೂ ನಮ್ಮಷ್ಟೇ ಮನೆ, ನಮ್ಮಷ್ಟೇ ಹಂಡೆ. ಅವರೂ ತಮ್ಮನ್ನು ಈಚೆ ದಂಡೆಯವರು ಅಂತಲೇ ಕರೆದುಕೊಳ್ಳುತ್ತಾರೆ, ನಾವು ಅವರಿಗೆ ಆಚೆಯವರು. ನಮ್ಮ ಹಂಡೆ ಇರುವುದು ಅವರ ಮೇಲೆ ತೆರೆಯಲು, ಅವರದು ನಮ್ಮ ಮೇಲೆ ತೆರೆಯಲು. ನಮ್ಮತ್ತೆಯ ಅತ್ತೆಯ ಕಾಲದಲ್ಲಿ ಒಂದೇ ಒಂದು ಸಲ ನಮ್ಮವರು ಒಂದು ಮುಚ್ಚಳ ತೆಗೆದರಂತೆ. ಆಚೆ ದಂಡೆಯ ಒಂದು ಇಡೀ ಓಣಿ ಬೂದಿಯಾಯಿತು. ನಮ್ಮ ದಂಡೆಯ ಬಾವಿಗಳೂ ಕಹಿಯಾದವು, ಇವತ್ತಿಗೂ ಆ ನೀರನ್ನು ಎಮ್ಮೆ ಮೂಸುವುದಿಲ್ಲ. ಹಂಡೆಗೆ ಸದ್ದು ಆಗಿಬರುವುದಿಲ್ಲ. ಹತ್ತಿರದಲ್ಲಿ ಯಾರಾದರೂ ಕಿರುಚಿದರೆ ಮುಚ್ಚಳ ಅದುರಲು ಶುರುವಾಗುತ್ತದೆ. ಆಮೇಲೂ ಕಿರುಚುತ್ತ ಹೋದರೆ ಏನಾಗುತ್ತದೆಂದು ನೋಡುವ ಧೈರ್ಯ ಯಾರೂ ಮಾಡಿಲ್ಲ.

ಹಾಗಂತ ಮನುಷ್ಯರು ಕೂಗದೆ ಬದುಕುವುದು ಹೇಗೆ? ಅದಕ್ಕೇ ಕೂಗುಮನೆ ಇತ್ತು. ಹೊಳೆಯ ನಡುಗಡ್ಡೆಯ ಮೇಲೆ, ಸೇತುವೆಯ ಸರಿಯಾಗಿ ಮಧ್ಯದಲ್ಲಿ, ಎರಡೂ ದಂಡೆಗೆ ಸೇರಿದ ಒಂದು ಕಲ್ಲಿನ ಮನೆ. ಅಲ್ಲಿ ಹಂಡೆ ಇಲ್ಲ. ಯಾರಾದರೂ ಸತ್ತರೆ ಅಲ್ಲಿಗೆ ಹೋಗಿ ಎದೆ ಬಡಿದುಕೊಂಡು ಅಳುತ್ತಿದ್ದೆವು. ಗಂಡ ಹೆಂಡಿರು ಜಗಳ ಬಂದರೆ ಸೇತುವೆ ಹಿಡಿದು ಹೊರಡುತ್ತಿದ್ದರು, ಎಷ್ಟೋ ಸಲ ಅರ್ಧ ದಾರಿಯಲ್ಲಿ ಸಿಟ್ಟಿಳಿದು ವಾಪಸು ಬರುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಹೆರಿಗೆ ಅಲ್ಲಿ ಆಗುತ್ತಿತ್ತು. ದಿನ ತುಂಬಿದ ಹೆಂಗಸರು ಎರಡೂ ದಂಡೆಯಿಂದ ಬಂದು ಅಕ್ಕಪಕ್ಕದ ಮಂಚಗಳಲ್ಲಿ ಮಲಗಿ, ಬೇನೆ ತಿಂದು, ಬಾಯಿತುಂಬ ಕಿರುಚಿ ಹಡೆಯುತ್ತಿದ್ದರು. ಕೂಸು ಸದ್ದಿಲ್ಲದೆ ಅಳಲು ಕಲಿಯುವತನಕ ಬಾಣಂತಿಯರು ಅಲ್ಲೇ ಇರುತ್ತಿದ್ದರು. ನನ್ನ ಕಸ್ತೂರಿ ಹುಟ್ಟಿದ್ದೂ ಅಲ್ಲೇ.

ನಮ್ಮ ಮನೆ ದಂಡೆಯ ತುದಿಯಲ್ಲಿದೆ, ಕಣವನ್ನೂ ದಾಟಿ, ಹೊಳೆಯ ಮೆಟ್ಟಿಲಿಗೆ ಅಂಟಿಕೊಂಡು. ಉಳಿದ ಮನೆಗಳು ದೂರ. ಆಚೆ ದಂಡೆಗೆ ಎಲ್ಲಕ್ಕಿಂತ ಹತ್ತಿರ ಇರುವುದು ನಮ್ಮ ಹಂಡೆಯೇ, ಆದ್ದರಿಂದ ಹಿರಿಯರಿಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. ಒಳಗಿನ ಸಿಡಿಲಿಗೆ ಹಂಡೆ ಬಿಸಿಯಾಗುತ್ತದೆ, ಹಾಗಾಗಿ ಪ್ರತಿ ಮುಂಜಾನೆ ಬಿಳಿ ಅರಿವೆಯನ್ನು ನೆನೆಸಿ ಒರೆಸಿ ತಣ್ಣಗೆ ಮಾಡಬೇಕು. ಒರೆಸಿದ ಅರಿವೆಯನ್ನು ಮಾಳಿಗೆಯ ಮೇಲೆ, ಆಚೆಯವರಿಗೆ ಕಾಣುವಂತೆ ಒಣಹಾಕಬೇಕು. ಇದು ಎರಡೂ ದಂಡೆಯ ಹಿರಿಯರು ಮಾಡಿಕೊಂಡ ಕರಾರಿನ ಮಾತು. ಅರಿವೆ ಹಾರಾಡುತ್ತಿದ್ದರೆ ಹಂಡೆ ಇದ್ದಲ್ಲೇ ಇದೆ ಅಂತ ಅರ್ಥ. ಕಾಣಲಿಲ್ಲವೆಂದರೆ ಹಂಡೆ ಹೊರಗೆ ಬಂದಿದೆ ಅಂತ ಅರ್ಥ. ಅವರು ನಮ್ಮ ಮಾಳಿಗೆ ನೋಡುತ್ತಾರೆ, ನಾವು ಅವರದು ನೋಡುತ್ತೇವೆ, ಆಮೇಲೆ ಎಲ್ಲರೂ ಚಹಾ ಕುಡಿಯುತ್ತೇವೆ.

ನನ್ನ ಎದುರಿನ ಮಾಳಿಗೆ ಫಕೀರವ್ವನದು. ಮುಂಜಾನೆ ಎದ್ದು ಅವಳ ಅರಿವೆ ಕಂಡರೆ ನನಗೆ ಸಮಾಧಾನ. ಹತ್ತಿರದಿಂದ ಮಾತಾಡಿದ್ದು ಕೂಗುಮನೆಯಲ್ಲಿ. ನನ್ನ ಗಂಡ ತೀರಿಕೊಂಡಾಗ ಅಳಲು ಹೋಗಿದ್ದೆ, ಅವಳು ತನ್ನ ತಾಯಿಗಾಗಿ ಅಳುತ್ತಿದ್ದಳು. ಅತ್ತು ಅತ್ತು ಇಬ್ಬರಿಗೂ ಹಸಿವಾಯಿತು. ಅವಳ ಬುತ್ತಿಯಲ್ಲಿ ರೊಟ್ಟಿ ಇತ್ತು, ನನ್ನದರಲ್ಲಿ ಶೇಂಗಾ ಚಟ್ನಿ ಇತ್ತು. ಆಮೇಲೆ ವರ್ಷಕ್ಕೊಮ್ಮೆ ಹಿರಿಯರು ಕರಾರಿನ ಮಾತಿಗೆ ಕೂಗುಮನೆಯಲ್ಲಿ ಕೂತಾಗ, ಅಡುಗೆಯ ನೆಪದಲ್ಲಿ ನಾವಿಬ್ಬರೂ ಹೋಗಿ ಹರಟೆ ಹೊಡೆಯುತ್ತಿದ್ದೆವು.

ಕರಾರಿಗೆ ಒಂದು ಅವಧಿ ಇತ್ತು. ಅದು ಮುಗಿಯುವ ವರ್ಷವೇ ಜಗಳ ಹತ್ತಿತು. ಯಾರ ಬಲೆಯನ್ನು ಯಾರೋ ಹರಿದರಂತೆ. ಬಲೆಯಿಂದ ಬಡಿಗೆಗೆ, ಬಡಿಗೆಯಿಂದ ಕುಡುಗೋಲಿಗೆ ಹೋಯಿತು. ಸೇತುವೆಯ ಮೇಲೆ ಹೆಣ ಬಿದ್ದವು, ಅವರವೂ ನಮ್ಮವೂ. ನಮ್ಮ ದಂಡೆಯ ಹಿರಿಯ ಬಾಳನಗೌಡರ ಮಗನೂ ಹೋದ. ಕರಾರನ್ನು ಮುಂದುವರಿಸುವ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಿದವನೇ ಹೆದರಿದ ಅಂತಾಗುತ್ತದಲ್ಲ. ಸೇತುವೆಯ ಎರಡೂ ತುದಿಗೆ ಕಾವಲು ಬಿತ್ತು. ಕೂಗುಮನೆಗೆ ಬೀಗ ಬಿತ್ತು. ಊರು ಬಿಟ್ಟು ಹೋದವರು ಗುಟ್ಟು ಬಿಟ್ಟುಕೊಡುತ್ತಾರೆಂದು ಎರಡೂ ಕಡೆ ಊರಬಾಗಿಲು ಹಾಕಿಸಿದರು. ಉಳಿದದ್ದು ಅರಿವೆಯ ಪದ್ಧತಿ ಒಂದೇ, ಅದನ್ನು ನಿಲ್ಲಿಸಿ ಅಂತ ಹೇಳಲು ಯಾರಿಗೂ ನೆನಪಾಗಿರಲಿಲ್ಲವೇನೋ. ಸತ್ತವರಿಗಾಗಿ ಅಳಲು ಜಾಗವಿಲ್ಲದೆ ಜನ ಒಳಗೊಳಗೇ ಬೇಯತೊಡಗಿದರು. ಕಟ್ಟೆಯ ಮೇಲೆ ಗಂಡಸರು ಪಿಸುದನಿಯಲ್ಲಿ ಮುಚ್ಚಳ ತೆಗೆಯುವ ಮಾತಾಡುವುದು ಕೇಳಿ ನನಗೆ ಮೈ ಉರಿಯುತ್ತಿತ್ತು. ಆ ಬೂದಿ ಓಣಿಯನ್ನು ದಿನಾ ನೋಡುತ್ತ ಬೆಳೆದ ಬಾಯಿಗಳು ಅವು.

ಇಂಥದ್ದರಲ್ಲಿ ಕಸ್ತೂರಿ ಬಸುರಿ. ಇರುವವಳು ಒಬ್ಬಳೇ ಮಗಳು, ಅಳಿಯ ಮಾರುತಿ ನಮ್ಮ ಮನೆಯಲ್ಲೇ ಇದ್ದ, ಅವನನ್ನೂ ಸೇತುವೆ ಕಾವಲಿಗೆ ಹಾಕಿದ್ದರು. ಹೆರಿಗೆ ಹೇಗೆ ಅಂತ ಹಿರಿಯರನ್ನು ಕೇಳಿದಾಗ ಅವರು ಮೊದಲೇ ತೀರ್ಮಾನ ಮಾಡಿ ಇಟ್ಟಿದ್ದರು. ಹಡೆಯುವವಳು ಅರಿವೆ ಕಚ್ಚಿಕೊಳ್ಳಬೇಕು. ಕೂಸು ಹುಟ್ಟಿದ ಕೂಡಲೇ ಅದರ ಬಾಯಿಗೆ ಕೈ ಇಡಬೇಕು. ನಮ್ಮ ಸೂಲಗಿತ್ತಿ ದ್ಯಾಮವ್ವ ಇದನ್ನು ಕೇಳಿ ನಮ್ಮ ಮನೆಗೆ ಬಂದು ಕೂತಳು. ಅವಳದು ಮೊದಲೇ ಕಡಿಮೆ ಮಾತು. ಕೂಸಿನ ಮೊದಲ ಅಳು ಎಂದರೆ ಬರೀ ಅಳುವಲ್ಲ, ಅದು ಉಸಿರು ಎಳೆದುಕೊಳ್ಳುವುದು, ಬಾಯಿ ಮುಚ್ಚಿದರೆ ನಾನು ಹೊಣೆಯಲ್ಲ ಅಂತ ಹೇಳಿ ಎದ್ದು ಹೋದಳು.

ನಾನು ಬಾಳನಗೌಡರ ಮನೆಗೆ ಹೋದೆ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡನಿಗೆ ಗೆಳೆಯರು, ಕಸ್ತೂರಿಗೆ ಹೆಸರಿಟ್ಟವರು. ಕೂಗುಮನೆಯ ಬೀಗ ಒಂದು ದಿನ ತೆಗೆಸಿ ಎಂದು ಬೇಡಿಕೊಂಡೆ. ಅವರು ಆಚೆಯವರು ಒಪ್ಪುವುದಿಲ್ಲ ಎಂದರು. ಹಾಗಾದರೆ ನಮ್ಮ ಮನೆಯ ಹಂಡೆಯನ್ನಾದರೂ ಇಳಿಸಿಬಿಡಿ, ದಂಡೆಯ ತುದಿಯ ಮನೆ, ಅಲ್ಲಿ ಕೂಗಿದರೆ ಬೇರೆ ಯಾವ ಹಂಡೆಗೂ ಕೇಳುವುದಿಲ್ಲ ಎಂದೆ. ಹಂಡೆ ಇಳಿಸುವುದು ಹೊಸದೇನಲ್ಲ. ಕರಾರಿನ ಮೊದಲ ವರ್ಷಗಳಲ್ಲಿ ಎರಡೂ ಕಡೆ ಕೆಲವನ್ನು ಇಳಿಸಿದ್ದರು. ಒಂದು ಹಿಡಿಕೆಯನ್ನು ಮನೆಯವರು ಹಿಡಿಯಬೇಕು, ಇನ್ನೊಂದು ಹಿಡಿಕೆಯನ್ನು ಎದುರು ದಂಡೆಯವರು ಹಿಡಿಯಬೇಕು. ಇಬ್ಬರೂ ಹೊಳೆಯ ಮಡುವಿನಲ್ಲಿ ಮುಳುಗಿಸಿ, ನೀರೊಳಗೆ ಮುಚ್ಚಳ ಸಡಿಲಿಸಬೇಕು. ಆಗ ಹಿಡಿಕೆ ಕಾದು ಅಂಗೈ ಸುಡುತ್ತದೆ. ಎದುರು ದಂಡೆಯವರು ತಮ್ಮವರಿಗೆ ಆ ಅಂಗೈ ತೋರಿಸಿದರೆ ಮಾತ್ರ ಇಳಿಸಿದ್ದು ನಿಜವೆಂದು ಲೆಕ್ಕ.

"ಅವರು ಒಂದು ಇಳಿಸಲಿ, ನಾ ಎರಡು ಇಳಸ್ತೀನಿ," ಎಂದರು ಗೌಡರು. "ಮೊದಲ ನಾವ ಇಳಿಸಿದ್ವಿ ಅಂದ್ರ ನಾಳೆ ಮುಂಜಾನೆ ಅವರು ಸೇತುವಿ ದಾಟಿ ಬರ್ತಾರ, ತಂಗೆವ್ವಾ. ಆಗ ನಿನ್ನ ಮೊಮ್ಮಗನೂ ಉಳಿಯಂಗಿಲ್ಲ, ನಾನೂ ಉಳಿಯಂಗಿಲ್ಲ."

ಕೂಸು ಅಳದಿದ್ದರೆ ಬದುಕುವುದಾದರೂ ಹೇಗೆ ಎಂದು ನಾನು ಕೇಳಿದೆ. ಅದಕ್ಕೆ ಅವರು, ತಮ್ಮ ಮಗನನ್ನು ಮಣ್ಣು ಮಾಡುವಾಗ ತಾವೂ ಬಾಯಿಯಲ್ಲಿ ಪಂಜೆಯ ಚುಂಗು ತುರುಕಿಕೊಂಡು ನಿಂತಿದ್ದಾಗಿ ಹೇಳಿದರು. ಅದನ್ನು ಕೇಳಿದ ಮೇಲೆ ಅವರ ಜೊತೆ ಜಗಳ ಆಡಲು ನನಗೆ ಮನಸ್ಸು ಬರಲಿಲ್ಲ. ಮನೆಗೆ ಬಂದು ಹಂಡೆಯ ಮುಂದೆ ಕೂತು, ನಿನ್ನ ವಂಶ ನಿರ್ವಂಶವಾಗ ಅಂತ ಬೈದೆ, ಮೆಲ್ಲಗೆ.

ಬೇನೆ ದಿನ ತುಂಬುವ ಮೊದಲೇ ಬಂತು. ಮುಂಜಾನೆ ಹಂಡೆ ಒರೆಸಿ ಅರಿವೆ ಹಿಂಡುತ್ತಿದ್ದೆ, ಕಸ್ತೂರಿ ಗೋಡೆ ಹಿಡಿದುಕೊಂಡು ಬಂದು ನನ್ನ ಮುಖ ನೋಡಿದಳು. ಓಡಿಹೋಗಿ ದ್ಯಾಮವ್ವನನ್ನು ಕರೆತಂದೆ. ಮೊದಲ ಬೇನೆಗೇ ಹುಡುಗಿ ಬಾಯಿ ತೆರೆದಳು, ಒಳಕೋಣೆಯಿಂದ ಮುಚ್ಚಳ ಟಕಟಕ ಅನ್ನುವುದು ಕೇಳಿಸಿತು. ದ್ಯಾಮವ್ವ ಕೈಗೆ ಸಿಕ್ಕ ಒದ್ದೆ ಅರಿವೆ ತೆಗೆದು ಅವಳ ಬಾಯಿಗೆ ಕೊಟ್ಟಳು. ನಾನು ನೀರು ಕಾಯಿಸಿದೆ, ಹಳೆ ಸೀರೆ ಹರಿದೆ, ದೇವರ ಮುಂದೆ ನಿಂತೆ, ಮತ್ತೆ ನೀರು ಕಾಯಿಸಿದೆ. ಮಾಳಿಗೆಯ ನೆನಪು ನನಗೆ ಒಂದು ಕ್ಷಣವೂ ಬರಲಿಲ್ಲ. ಮಗಳು ಬೇನೆ ತಿನ್ನುವಾಗ ಯಾವ ತಾಯಿಗೆ ಬರುತ್ತದೆ?

ಬಿಸಿಲು ಏರಿದ ಮೇಲೆ ಮಾರುತಿ ಸೇತುವೆಯಿಂದ ಓಡುತ್ತ ಬಂದ. ಹೆಂಡತಿಯ ಕಡೆ ನೋಡುವ ಮೊದಲು ನನ್ನನ್ನು ಹೊರಗೆಳೆದು ಆಚೆ ದಂಡೆ ತೋರಿಸಿದ. ಅಲ್ಲಿ ಮಾಳಿಗೆಗಳ ಮೇಲೆ ಒಂದೂ ಅರಿವೆ ಇರಲಿಲ್ಲ. ನಾವು ನೋಡುತ್ತಿರುವಾಗಲೇ ಅವರ ಗಂಡಸರು ಇಬ್ಬಿಬ್ಬರಾಗಿ ಹಂಡೆಗಳನ್ನು ಹೊತ್ತು ತಂದು ದಂಡೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಅದನ್ನು ಕಂಡು ನಮ್ಮವರೂ ತಮ್ಮ ಅರಿವೆಗಳನ್ನು ಎಳೆದುಹಾಕಿ ಹಂಡೆ ಹೊರಗೆ ತರುತ್ತಿದ್ದಾರೆ, ಯಾಕೆ ಏನು ಅಂತ ಯಾರಿಗೂ ಗೊತ್ತಿಲ್ಲ, ಆಚೆಯವರೇ ಮೊದಲು ಶುರುಮಾಡಿದರು ಅಂತ ಮಾರುತಿ ಹೇಳಿದ. ನಾನು ತಲೆ ಎತ್ತಿ ನಮ್ಮ ಮಾಳಿಗೆ ನೋಡಿದೆ. ಹಗ್ಗ ಖಾಲಿ ಇತ್ತು.

ಸೇತುವೆಗೆ ಹೇಗೆ ಹೋದೆನೋ, ಚಪ್ಪಲಿಯೂ ಇರಲಿಲ್ಲ. ಕೂಗಿ ಹೇಳುವಂತಿಲ್ಲ, ಕೂಗಿದರೆ ಸಾಲಾಗಿ ಇಟ್ಟ ಹಂಡೆಗಳೆಲ್ಲ ಏಳುತ್ತವೆ. ಬಾಳನಗೌಡರು ಕಾವಲಿನ ಮುಂದೆ ನಿಂತಿದ್ದರು. ನನ್ನ ಅರಿವೆ ಕಾಣದೆ ಆಚೆಯವರು ಹೆದರಿದ್ದಾರೆ, ನನ್ನ ತಪ್ಪು, ಹೋಗಿ ಹೇಳಿ ಬರುತ್ತೇನೆ ಎಂದೆ. ನಾನು ಅವರ ಪಕ್ಕದಿಂದ ನುಗ್ಗಿ ನಡೆದೆ. ಆ ತುದಿಯಿಂದಲೂ ಒಂದು ಸೀರೆ ಬರುತ್ತಿತ್ತು. ಫಕೀರವ್ವ. ತೆಳ್ಳಗಾಗಿದ್ದಳು, ತಲೆಯೆಲ್ಲ ಬೆಳ್ಳಗಾಗಿತ್ತು. ಕೂಗುಮನೆಯ ಬೀಗದ ಮುಂದೆ ಇಬ್ಬರೂ ನಿಂತೆವು.

"ನಿನ್ನ ಅರಿವಿ ಎಲ್ಲಿ, ತಂಗೆವ್ವಾ?"

"ನನ್ನ ಮಗಳ ಬಾಯಾಗ ಐತಿ," ಎಂದೆ. "ಬ್ಯಾನಿ ತಿನ್ನಾಕತ್ತಾಳ."

ಅವಳು ಕಣ್ಣು ಮುಚ್ಚಿ ತೆರೆದಳು. ಮುಂಜಾನೆಯಿಂದ ಎಲ್ಲರಿಗೂ ಹೇಳುತ್ತಿದ್ದೇನೆ, ತಂಗೆವ್ವ ಅಂಥವಳಲ್ಲ, ಏನೋ ಆಗಿರಬೇಕು ಅಂತ, ಯಾರೂ ಕೇಳಲಿಲ್ಲ ಎಂದಳು. ಹಾಗಾದರೆ ಹೋಗಿ ಹೇಳು, ಹಂಡೆ ಇದ್ದಲ್ಲೇ ಇದೆ ಅಂತ ನಾನು ಅವಸರ ಮಾಡಿದೆ.

"ನಾ ನಂಬತೀನಿ. ನಾ ನಂಬಿದ್ರ ಸಾಲಂಗಿಲ್ಲವಾ," ಎಂದಳು. "ನಾ ಕಣ್ಣಿಲೆ ನೋಡಬೇಕು. ನೋಡಿ ಬಂದೆ ಅಂತ ಅಲ್ಲಿ ಹೇಳಬೇಕು."

ಆಚೆಯವಳನ್ನು ಯುದ್ಧದ ದಿನ ಕರೆದುಕೊಂಡು ಬಂದರೆ ನಮ್ಮವರು ಸುಮ್ಮನಿರುತ್ತಾರೆಯೇ? ಕಾವಲಿನ ಹುಡುಗರು ಬಡಿಗೆ ಅಡ್ಡ ಹಿಡಿದರು. ಒಬ್ಬನಂತೂ ಇವಳು ಹಂಡೆಗಳನ್ನು ಎಣಿಸಿಕೊಂಡು ಹೋಗಲು ಬಂದವಳು ಅಂದ. ನಾನು ಅವನಿಗೆ, ಅವರ ಮಾಳಿಗೆಯಿಂದ ಎಲ್ಲವೂ ಕಾಣುತ್ತವೆ ಮಾರಾಯ, ಎಣಿಸಲು ಇಲ್ಲಿಗೆ ಬರಬೇಕೇ ಎಂದೆ. ಕೊನೆಗೆ ಗೌಡರು ಕೈ ಮಾಡಿ ಬಡಿಗೆ ಇಳಿಸಿದರು. ಅವಳೊಬ್ಬಳೇ, ನೋಡಿದ ಕೂಡಲೇ ವಾಪಸು ಅಂದರು. ತಾವೂ ನಮ್ಮ ಹಿಂದೆಯೇ ಬಂದರು.

ಫಕೀರವ್ವ ಒಳಕೋಣೆಗೆ ಹೋಗಿ ಹಂಡೆಯ ಮೇಲೆ ಅಂಗೈ ಇಟ್ಟಳು. ಮುಚ್ಚಳ ಬಿಟ್ಟು ಬಿಟ್ಟು ಅದುರುತ್ತಿತ್ತು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು, ಹೋಗಬಹುದಾಗಿತ್ತು. ಆದರೆ ಹೊರಗೆ ಬಂದವಳು ಕಸ್ತೂರಿಯ ಮಂಚದ ಹತ್ತಿರ ನಿಂತುಬಿಟ್ಟಳು. ಹುಡುಗಿಯ ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು, ಬಾಯಿತುಂಬ ಅರಿವೆ, ಕತ್ತಿನ ನರ ಉಬ್ಬಿದ್ದವು. ಮಂಚದ ಕಾಲಿಗೆ ದ್ಯಾಮವ್ವ ಬೆನ್ನು ಕೊಟ್ಟು ಕೂತಿದ್ದಳು. ಕೂಸು ಬಂದರೆ ಅದರ ಬಾಯಿಗೆ ಕೈ ಇಡುವವರು ಯಾರು ಅಂತ ಫಕೀರವ್ವ ಕೇಳಿದಳು. ನಾನೇ ಇಡಬೇಕಾಗಿತ್ತು, ಇನ್ನಾರು ಇಡುತ್ತಾರೆ?

"ನಮ್ಮ ಸೊಸಿ ಹಡೆದಾಗ ನಾನ ಇಟ್ಟೆ," ಎಂದಳು ಫಕೀರವ್ವ. ತನ್ನ ಬಲಗೈಯನ್ನು ಎತ್ತಿ ಹಿಡಿದುಕೊಂಡೇ ಹೇಳಿದಳು. "ಹಿರ್ಯಾರು ಹೇಳಿದ್ರು ಅಂತ ಇಟ್ಟೆ. ತಗದಾಗ ಕೂಸು ಇರಲಿಲ್ಲ."

ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಮುಂಜಾನೆ ಅವಳ ಅರಿವೆ ನೋಡಿ ಎಲ್ಲ ಸುಖವಾಗಿದೆ ಅಂದುಕೊಂಡು ಚಹಾ ಕುಡಿಯುತ್ತಿದ್ದೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಆಕೆ ಅದನ್ನು ಒಣಹಾಕುತ್ತಿದ್ದಳು. ನಾನು ಅವಳ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು, ಒಂದು ಹಿಡಿಕೆ ನೀ ಹಿಡಿ ಎಂದಳು.

ಸಿಡಿಲು ತುಂಬಿದ ಹಂಡೆ ಭಾರ ಇರುವುದಿಲ್ಲ, ಅದೇ ಕಷ್ಟ. ಗಾಳಿಗೆ ಎಳೆಯುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ. ಅವಳು ಆ ಕಡೆ, ನಾನು ಈ ಕಡೆ, ಎದುರುಬದುರು ಮುಖ ಮಾಡಿಕೊಂಡು ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಅಂಗಳಕ್ಕೆ ತಂದೆವು. ದ್ಯಾಮವ್ವ ಬೇಗ ಬೇಗ ಅಂತ ಬಾಗಿಲಿನಿಂದ ಕೈಸನ್ನೆ ಮಾಡುತ್ತಿದ್ದಳು. ಕೂಸಿನ ತಲೆ ಕಾಣಿಸಿತ್ತು. ಮೆಟ್ಟಿಲಿನ ಬಾಯಿಗೆ ಬಂದರೆ ಬಾಳನಗೌಡರು ಅಡ್ಡ ನಿಂತಿದ್ದಾರೆ. ನಮ್ಮ ಕೈಯಲ್ಲಿದ್ದದ್ದನ್ನು ನೋಡಿ ಅವರ ಮುಖ ಬೆಳ್ಳಗಾಯಿತು. ಇದು ಹೋದರೆ ದಂಡೆಯ ತುದಿ ಬರಿದಾಗುತ್ತದೆ, ಎದುರಿಗೆ ಅವರ ಹಂಡೆಗಳು ಸಾಲಾಗಿ ನಿಂತಿವೆ, ಕಣ್ಣಿಗೆ ಕಾಣುವುದಿಲ್ಲವೇ ಎಂದು ನನ್ನನ್ನು ಕೇಳಿದರು. ಆಮೇಲೆ ಫಕೀರವ್ವನ ಕಡೆ ತಿರುಗಿದರು.

"ನಿಮ್ಮವರೂ ಒಂದು ಇಳಸ್ತಾರೇನು? ಮಾತು ಕೊಡ್ತೀಯೇನವಾ?"

"ಇಲ್ಲರಿ ಗೌಡ್ರ, ಕೊಡಾಂಗಿಲ್ಲ," ಎಂದಳು. "ಅಲ್ಲಿ ನನ್ನ ಮಾತು ಯಾರು ಕೇಳ್ತಾರ? ಇದು ನನ್ನ ಕೈಯಾಗ ಇಳೀತು ಅಂತ ಹೇಳತೀನಿ. ಅಂಗೈ ತೋರಸ್ತೀನಿ. ಅಷ್ಟ."

ಅವಳು ಮಾತು ಕೊಟ್ಟಿದ್ದರೆ ಗೌಡರು ನಂಬುತ್ತಿರಲಿಲ್ಲ. ಜೀವಮಾನವೆಲ್ಲ ಆಚೆಯವರ ಮಾತು ಕೇಳಿ ಕೇಳಿ ರೋಸಿಹೋದವರು. ಕೊಡುವುದಿಲ್ಲ ಅಂದದ್ದಕ್ಕೇ ಅವರು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು ಅಂತ ನನಗೆ ಅನ್ನಿಸುತ್ತದೆ. ಒಳಗಿನಿಂದ ಕಸ್ತೂರಿ ನರಳುವುದು ಕೇಳಿಸಿತು, ಅರಿವೆಯ ಒಳಗಿನ ನರಳಾಟ, ನಮ್ಮ ಕೈಯಲ್ಲಿ ಹಂಡೆ ಜಗ್ಗಿತು. ಗೌಡರು ಪಕ್ಕಕ್ಕೆ ಸರಿದರು.

"ಮೆಲ್ಲಕ ಇಳೀರಿ," ಎಂದರು. "ನಡುವಿನ ಮೆಟ್ಟಿಲು ಸಡಿಲ ಐತಿ."

ಸೊಂಟದವರೆಗೆ ನೀರಿಗಿಳಿದು ಮಡುವಿನ ಅಂಚಿನಲ್ಲಿ ಹಂಡೆಯನ್ನು ಒತ್ತಿ ಮುಳುಗಿಸಿದೆವು. ಮುಚ್ಚಳದ ಬಿಗಿ ಬಿಚ್ಚಿದ್ದು ಯಾರ ಬೆರಳೋ ಗೊತ್ತಿಲ್ಲ. ನೀರು ತಳದಿಂದ ಬೆಳಗಿತು, ಒಂದೊಂದು ಹರಳೂ ಕಾಣುವಷ್ಟು. ಸದ್ದೇನೂ ಆಗಲಿಲ್ಲ. ಹಿಡಿಕೆ ಕಾದು ಕೆಂಡವಾಯಿತು. ನಮ್ಮತ್ತೆ ಹೇಳಿದ್ದರು, ಉರಿದರೂ ಬಿಡಬಾರದು, ಒಬ್ಬರು ಬಿಟ್ಟರೆ ಸಿಡಿಲು ಇನ್ನೊಬ್ಬರ ಕಡೆ ಹರಿಯುತ್ತದೆ ಅಂತ. ಉರಿ ತಡೆಯಲಾರದೆ ನನಗೆ ಕಣ್ಣೀರು ಬಂತು, ಎದುರಿಗೆ ಫಕೀರವ್ವ ಹಲ್ಲು ಕಚ್ಚಿ ನನ್ನನ್ನೇ ನೋಡುತ್ತಿದ್ದಳು. ಅವಳು ಬಿಡಲಿಲ್ಲ, ಅವಳು ಬಿಡಲಿಲ್ಲವೆಂದು ನಾನೂ ಬಿಡಲಿಲ್ಲ. ಆಮೇಲೆ ಹಂಡೆ ಬರೀ ತಾಮ್ರವಾಗಿ ಭಾರವಾಯಿತು, ಮಣ್ಣಿಗೆ ಕೂತಿತು.

ನಾನು ಮನೆಯ ಕಡೆ ತಿರುಗಿ ಇಳಿಯಿತು ಅಂದೆ. ಅಷ್ಟೇ, ಕಸ್ತೂರಿ ಅರಿವೆ ಉಗಿದು ಕಿರುಚಿದಳು. ಅಬ್ಬಾ, ನನ್ನ ಮಗಳ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ದನಿ ಬಂತು, ಸಣ್ಣದು, ಹರಿತವಾದದ್ದು, ನಿಲ್ಲದ್ದು. ಆಚೆ ದಂಡೆಯಲ್ಲಿ ಹಂಡೆಗಳ ಮೇಲೆ ಬಗ್ಗಿದ್ದ ಗಂಡಸರು ನೆಟ್ಟಗೆ ನಿಂತರು. ಅವರಲ್ಲಿ ಕೆಲವರು ಮುಚ್ಚಳ ಅದುರದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು, ಕೆಲವರು ಹಂಡೆಯ ಮೇಲೆ ಕಂಬಳಿ ಹೊದಿಸಿ ಅದನ್ನು ತಬ್ಬಿಕೊಂಡರು. ನಮ್ಮ ದಂಡೆಯಲ್ಲೂ ಹಾಗೆಯೇ. ತೆಗೆಯಲು ಬಂದವರೆಲ್ಲ ಮುಚ್ಚಲು ಒದ್ದಾಡುತ್ತಿದ್ದರು. ಕೂಸು ಮಾತ್ರ ಯಾರನ್ನೂ ಲೆಕ್ಕಿಸದೆ ಅಳುತ್ತಿತ್ತು.

ಹೆಣ್ಣು ಕೂಸು. ದ್ಯಾಮವ್ವ ಅದನ್ನು ನನ್ನ ಮಡಿಲಿಗೆ ಹಾಕುವಾಗ ಅಂಗೈ ಉರಿಯುತ್ತಿದ್ದುದರಿಂದ ಮೊಣಕೈ ಮೇಲೆ ತೆಗೆದುಕೊಂಡೆ. ಮೊದಲು ಫಕೀರವ್ವನಿಗೆ ತೋರಿಸಿದೆ. ಅವಳು ಅದರ ತೆರೆದ ಬಾಯಿಯನ್ನೇ ನೋಡಿದಳು, ಮುಟ್ಟಲಿಲ್ಲ. ಅಂಗಳದಲ್ಲಿ ಯಾರೋ ಗಂಡಸು ಜೋರಾಗಿ ಅಳುವ ಸದ್ದು ಕೇಳಿ ಮಾರುತಿ ಅಂದುಕೊಂಡು ಹೊರಗೆ ಬಂದೆ. ಬಾಳನಗೌಡರು. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಮಗನ ಹೆಸರು ಹಿಡಿದು, ತಲೆ ಬಡಿದುಕೊಂಡು ಅಳುತ್ತಿದ್ದರು. ಯಾರೂ ಸುಮ್ಮನಿರಿ ಅನ್ನಲಿಲ್ಲ. ನಾನೂ ಅವರ ಪಕ್ಕ ಕೂತು ಒಂದಿಷ್ಟು ಅತ್ತೆ.

ಫಕೀರವ್ವ ಸುಟ್ಟ ಅಂಗೈಯನ್ನು ಮೇಲೆತ್ತಿಕೊಂಡು ಸೇತುವೆ ದಾಟಿದಳು. ಅವರ ಹಿರಿಯರು ಒಬ್ಬೊಬ್ಬರಾಗಿ ನೋಡಿದರು. ಸಂಜೆಗೆ ಹಂಡೆಗಳು ಒಳಗೆ ಹೋದವು, ಮರುದಿನ ಎರಡೂ ಕಡೆ ಅರಿವೆ ಕಾಣಿಸಿಕೊಂಡವು.

ಅಲ್ಲಿಗೆ ಯುದ್ಧ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕರಾರು ಇವತ್ತಿಗೂ ಹೊಸದಾಗಿಲ್ಲ. ಸೇತುವೆಯ ಮೇಲೆ ಆಗಾಗ ತಲೆ ಒಡೆಯುತ್ತವೆ. ಹಂಡೆ ಕಳೆದವಳು ಅಂತ ನಮ್ಮ ಕಟ್ಟೆಯ ಗಂಡಸರು ನನ್ನನ್ನು ಬಹಳ ದಿನ ಮಾತಾಡಿಸಲಿಲ್ಲ, ನನಗೂ ಅವರ ಮಾತಿನಿಂದ ಆಗಬೇಕಾದದ್ದೇನೂ ಇರಲಿಲ್ಲ. ಆಚೆಯವರು ತಮ್ಮದೊಂದನ್ನು ಇಳಿಸಲು ಕೂಡಲೇ ಒಪ್ಪಲಿಲ್ಲ. ಮಳೆಗಾಲ ಕಳೆದು, ಬೈದಾಡಿ, ಗೌಡರು ಸಾಕಷ್ಟು ಅವಮಾನ ನುಂಗಿದ ಮೇಲೆ ಫಕೀರವ್ವನ ಮನೆಯ ಹಂಡೆಯನ್ನು ಇಳಿಸಿದರು. ಅದರ ಇನ್ನೊಂದು ಹಿಡಿಕೆ ನಾನು ಹಿಡಿದೆ. ಉಳಿದವು ಇದ್ದಲ್ಲೇ ಇವೆ.

ಆದರೆ ಹೆರಿಗೆಗಳು ನಮ್ಮ ಮನೆಗೆ ಬರತೊಡಗಿದವು. ಯಾರೂ ತೀರ್ಮಾನ ಮಾಡಲಿಲ್ಲ, ಯಾರೂ ಸಾರಲಿಲ್ಲ. ಮೊದಲು ನಮ್ಮ ದಂಡೆಯವಳೊಬ್ಬಳು ಬಂದಳು, ಆಮೇಲೆ ಫಕೀರವ್ವ ತನ್ನ ಸೊಸೆಯನ್ನೇ ಕರೆದುಕೊಂಡು ಬಂದಳು, ಎರಡನೆಯ ಬಸುರು. ಕಾವಲಿನವರು ಬಡಿಗೆ ಅಡ್ಡ ಹಿಡಿದರು, ಹೊಟ್ಟೆ ನೋಡಿ ತೆಗೆದರು. ಆ ಸೊಸೆ ನಮ್ಮ ಮನೆಯಲ್ಲಿ ಗಂಡು ಹಡೆದಳು, ಅದೂ ಗಂಟಲು ಹರಿಯುವಂತೆ ಅತ್ತಿತು. ಮುಂದಿನ ಕೋಣೆಯಲ್ಲಿ ಎರಡು ಮಂಚ ಹಾಕಿದೆವು. ಅವರದೊಂದು ಹೆಂಗಸು, ನಮ್ಮದೊಂದು ಹೆಂಗಸು, ಒಂದಿಲ್ಲೊಂದು ಇದ್ದೇ ಇರುತ್ತದೆ. ನಮ್ಮ ಮನೆ ಹೊಳೆಗೆ ಅಂಟಿಕೊಂಡಿರುವುದರಿಂದ ಯಾವ ದಂಡೆಯವರು ಮುಚ್ಚಳ ತೆಗೆದರೂ ಹೊಳೆ ದಾಟುವ ಸಿಡಿಲು ಮೊದಲು ಸುಡುವುದು ಅದನ್ನೇ. ಹೀಗಾಗಿ ಒಂದು ಹೊಸ ಪದ್ಧತಿ ಬೆಳೆಯಿತು. ಮುಚ್ಚಳದ ಮಾತು ಬಿಸಿಯಾದಾಗಲೆಲ್ಲ ಎರಡೂ ಕಡೆ ಯಾರಾದರೊಬ್ಬರು, ಈಗ ಅಲ್ಲಿ ಯಾರು ಮಲಗಿದ್ದಾರೆ, ಮೊದಲು ನೋಡಿ ಬರಲಿ ಅನ್ನುತ್ತಾರೆ. ನೋಡಲು ಒಬ್ಬ ಬರುತ್ತಾನೆ. ಯಾರ ಸೊಸೆಯೋ, ಯಾರ ತಂಗಿಯೋ ಇರುತ್ತಾಳೆ. ಮಾತು ತಣ್ಣಗಾಗುತ್ತದೆ.

ಈ ಬೇಸಿಗೆಯಲ್ಲಿ ಮತ್ತೆ ಸೇತುವೆಯ ಮೇಲೆ ಹೆಣ ಬಿತ್ತು, ಅವರವನು, ಚಿಕ್ಕ ಪ್ರಾಯದವನು. ಆವತ್ತು ಮಧ್ಯಾಹ್ನ ಎರಡೂ ದಂಡೆಯ ಕಟ್ಟೆಗಳು ತುಂಬಿದ್ದವು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಇರಲಿಲ್ಲ. ಹಿಂದಿನ ದಿನವಷ್ಟೇ ಒಬ್ಬ ಬಾಣಂತಿಯನ್ನು ಮನೆಗೆ ಕಳಿಸಿ ಹಾಸಿಗೆ ಒಗೆದುಹಾಕಿದ್ದೆ, ಕಸ್ತೂರಿ ಮಗಳನ್ನು ಕರೆದುಕೊಂಡು ಗೌಡರ ಮನೆಗೆ ಹೋಗಿದ್ದಳು. ಫಕೀರವ್ವ ಮುಂದಿನ ಹೆರಿಗೆಗೆ ಹಳೆ ಸೀರೆಗಳನ್ನು ತಂದು ಮಡಚುತ್ತ ಕೂತಿದ್ದಳು. ಹೊರಗೆ ಹೆಜ್ಜೆ ಸಪ್ಪಳವಾಯಿತು. ಕಿಟಕಿಯಿಂದ ನೋಡಿದರೆ ಆಚೆ ದಂಡೆಯವನು ಒಬ್ಬ, ಅವನ ಜೊತೆ ನಮ್ಮ ಮಾರುತಿ. ಇಬ್ಬರ ಮುಖವೂ ಗಂಟಿಕ್ಕಿತ್ತು. ಫಕೀರವ್ವ ಎರಡು ಖಾಲಿ ಮಂಚಗಳನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು ಹೋಗಿ ಒಂದು ಮಂಚದ ಮೇಲೆ ಮಲಗಿ ಕೌದಿ ಎಳೆದುಕೊಂಡಳು. ನಾನು ಇನ್ನೊಂದರ ಮೇಲೆ ಮಲಗಿದೆ.

ಆಚೆ ದಂಡೆಯವನು ಬಾಗಿಲಲ್ಲಿ ನಿಂತು, ಈಗ ಯಾರು ಮಲಗಿದ್ದಾರೆ ಅಂತ ಪದ್ಧತಿಯ ಪ್ರಕಾರ ಕೇಳಿದ.

"ಇಬ್ಬರು ಮಲಗೀವಿ," ಎಂದಳು ಫಕೀರವ್ವ. "ಒಬ್ಬಾಕಿ ನಿಮ್ಮಾಕಿ, ಒಬ್ಬಾಕಿ ಅವರಾಕಿ. ಹೋಗಿ ಹೇಳು."

ಅವನು ಒಂದು ಬೆಳ್ಳನೆಯ ತಲೆ ನೋಡಿದ, ಇನ್ನೊಂದು ಬೆಳ್ಳನೆಯ ತಲೆ ನೋಡಿದ. ಮಾರುತಿ ನೆಲ ನೋಡುತ್ತಿದ್ದ. ಆಚೆಯವನು, ಇಬ್ಬರು ಇದ್ದಾರೆ ಅಂತ ಹೇಳುತ್ತೇನೆ ಎಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಸಂಜೆಯವರೆಗೂ ನಾವಿಬ್ಬರೂ ಏಳಲಿಲ್ಲ.